ಮಹಾಂತಮ್ಮ ಕೇಳಿಸಿಕೊಳ್ಳದ ಮಾತು

ಆಯುಧಪೂಜೆ ಇನ್ನೇನು ಬಂತು ಅನ್ನುವಾಗ ಮಹಾಂತಮ್ಮನ ಫೋನಿಗೆ ಒಂದು ಚಿತ್ರ ಬಂತು. ಚೆಂಡುಹೂವಿನ ಹಾರ, ಹಾರದ ನಡುವೆ ಸುತ್ತಿಗೆ, ಸ್ಪ್ಯಾನರು, ಕೆಳಗೆ ಕೆಂಪಕ್ಷರದಲ್ಲಿ ‘ಎಲ್ಲರೂ ಬನ್ನಿ’. ಭದ್ರಾವತಿಯ ಫೌಂಡ್ರಿಯಲ್ಲಿ ಕೋರ್ ಶಾಪಿನ ಹೆಂಗಸರೆಲ್ಲ ಸೇರಿ ಮಾಡಿಕೊಂಡಿದ್ದ ವಾಟ್ಸಾಪ್ ಗುಂಪಿಗೆ ಹಾಕಿದ್ದ ಚಿತ್ರ ಅದು. ಹಾಕಿದವಳು ಸ್ಫೂರ್ತಿ. ಮಹಾಂತಮ್ಮ ನಿವೃತ್ತಿಯಾದ ಮೇಲೆ ಆಕೆಯ ಜಾಗಕ್ಕೆ ಬಂದ ಹೊಸ ಇನ್‌ಚಾರ್ಜ್, ಡಿಪ್ಲೊಮಾ ಓದಿದ ಹುಡುಗಿ.

ಮಹಾಂತಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು, ಚಿಕ್ಕದು ಮಾಡಿ ನೋಡಿದಳು. ‘ಎಲ್ಲರೂ’ ಅನ್ನುವುದರೊಳಗೆ ತಾನೂ ಇದ್ದೇನೋ ಇಲ್ಲವೋ ಎಂದು ಎಷ್ಟು ನೋಡಿದರೂ ತಿಳಿಯಲಿಲ್ಲ. ಅವಳು ಹುಟ್ಟಿ ಬೆಳೆದ ಮನೆಯಲ್ಲಿ ಕರೆಯುವುದು ಅಂದರೆ ಮನೆಗೆ ಬರಬೇಕು, ಒಂದು ಲೋಟ ನೀರಾದರೂ ಕುಡಿಯಬೇಕು, ಕುಂಕುಮ ಕೊಟ್ಟು, ಇಂಥ ದಿನ ಇಂಥ ಹೊತ್ತಿಗೆ ಬನ್ನಿ ಎಂದು ಬಾಯಿಬಿಟ್ಟು ಹೇಳಬೇಕು. ಎಲ್ಲರನ್ನೂ ಒಟ್ಟಿಗೆ ಕರೆದರೆ ಯಾರನ್ನೂ ಕರೆದಂತಾಗಲಿಲ್ಲ ಅನ್ನುವುದು ಅವಳ ತಾಯಿಯ ಮಾತು.

ಕೆಲಸ ಬಿಟ್ಟಾಗ ಬೇಸಿಗೆ. ಅಲ್ಲಿಂದ ಈಚೆಗೆ ಫೋನು ಹೊಡೆದುಕೊಳ್ಳದ ದಿನವೇನೂ ಇರಲಿಲ್ಲ. ಗ್ಯಾಸಿನವರು ಮಾಡುತ್ತಿದ್ದರು, ನೆಂಟರು ಮಾಡುತ್ತಿದ್ದರು, ಸಾಲ ಬೇಕೇ ಎಂದು ಯಾರು ಯಾರೋ ಮಾಡುತ್ತಿದ್ದರು. ಕೋರ್ ಶಾಪಿನಿಂದ ಮಾತ್ರ ಒಬ್ಬರೂ ಮಾಡಿರಲಿಲ್ಲ.

ಕೋರ್ ಅಂದರೆ ಮರಳಿನ ಗಟ್ಟಿ. ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿಯುವಾಗ ಸಾಮಾನಿನ ಹೊಟ್ಟೆಯಲ್ಲಿ ಎಲ್ಲಿ ಟೊಳ್ಳು ಬೇಕೋ ಅಲ್ಲಿ ಇದನ್ನು ಕೂರಿಸುತ್ತಾರೆ. ಹೆಂಗಸರು ಮರಳಿಗೆ ಎಣ್ಣೆ ಕಲಸಿ, ಪೆಟ್ಟಿಗೆಗೆ ತುಂಬಿ, ತಟ್ಟಿ, ಬಿಡಿಸಿ, ಒಲೆಗೆ ಕೊಡುತ್ತಾರೆ. ಬೆಂದು ಬಂದ ಮೇಲೂ ಅದು ಹಪ್ಪಳದ ಹಾಗೆ, ಉಗುರು ತಾಗಿದರೆ ಬಿರುಕು. ಬಿರುಕು ಬಿಟ್ಟಿತೆಂದು ಆಗಲೇ ಹೇಳಿದರೆ ಹೋಗುವುದು ಒಂದು ಹಿಡಿ ಮರಳು. ಬೈಗುಳಕ್ಕೆ ಹೆದರಿ ಮೆತ್ತಿ ಮುಚ್ಚಿಟ್ಟರೆ ಕಾದ ಕಬ್ಬಿಣ ಆ ಬಿರುಕಿನೊಳಗೆ ನುಗ್ಗಿ, ಇಡೀ ಸಾಮಾನೇ ಗುಜರಿ. ಅದೂ ತಿಳಿಯುವುದು ಎಲ್ಲ ಆರಿದ ಮೇಲೆ, ಮಾರನೆಯ ದಿನ.

ಆದ್ದರಿಂದ ಆ ಶಾಪಿನ ಇನ್‌ಚಾರ್ಜ್ ಆದವಳಿಗೆ ಮರಳು ಹದ ಮಾಡುವುದಕ್ಕಿಂತ ಮನಸ್ಸು ಹದ ಮಾಡುವುದು ದೊಡ್ಡ ಕೆಲಸ. ಮಹಾಂತಮ್ಮನಿಗಿಂತ ಹಿಂದೆ ಇದ್ದ ಮೇಸ್ತ್ರಿ ಬಾಗಿಲಲ್ಲೇ ನಿಂತು ಕೂಗುತ್ತಿದ್ದ. ಅವನ ಕಾಲದಲ್ಲಿ ಒಂದು ಕೋರೂ ಒಡೆಯುತ್ತಿರಲಿಲ್ಲ. ಗುಜರಿ ಮಾತ್ರ ಗುಡ್ಡದಂತೆ ಬೀಳುತ್ತಿತ್ತು. ಮಹಾಂತಮ್ಮ ಬಂದವಳೇ ಬಾಗಿಲ ಪಕ್ಕ ಒಂದು ಹಲಗೆ ಹಾಕಿಸಿ, ಒಡೆದದ್ದನ್ನೆಲ್ಲ ತಂದು ಇದರ ಮೇಲಿಡಿ, ಯಾರು ಇಟ್ಟರು ಅಂತ ನಾನು ಕೇಳುವುದಿಲ್ಲ, ಹೇಗೆ ಒಡೆಯಿತು ಅಂತ ಮಾತ್ರ ಕೇಳುತ್ತೇನೆ ಎಂದಳು. ಕೆಲವು ದಿನ ಹಲಗೆ ಖಾಲಿಯೇ ಇತ್ತು. ನಂಬಿಕೆ ಅನ್ನುವುದು ಹೆಪ್ಪು ಹಾಕಿದ ಹಾಲು, ಪದೇ ಪದೇ ಮುಚ್ಚಳ ತೆಗೆದು ನೋಡಿದರೆ ಆಗುವುದಿಲ್ಲ. ಅವಳು ಕಾದಳು.

ಬೆಳಿಗ್ಗೆ ಬಂದೊಡನೆ ಹೆಗಲಿನ ಚೀಲ ಇಳಿಸದೆಯೇ ಒಂದು ಸುತ್ತು ಹೋಗುವುದು ಅವಳ ರೂಢಿ. ಚೀಲ ಇಳಿಸಿ ಹೋದರೆ ತನಿಖೆಗೆ ಬಂದಂತೆ. ಚೀಲ ಹೆಗಲಲ್ಲಿದ್ದರೆ ಈಗ ತಾನೆ ಬಸ್ಸಿಳಿದು ಬಂದ ಹೆಂಗಸು, ಅಷ್ಟೇ. ಒಬ್ಬೊಬ್ಬರ ಪಕ್ಕದಲ್ಲೂ ಮರಳಿನ ಡಬ್ಬ ಕವುಚಿಕೊಂಡು ಕೂರುವಳು. ನಿಂತು ಮಾತಾಡಿದರೆ ಮಾತು ತಲೆಯ ಮೇಲೆ ಬೀಳುತ್ತದೆ ಅನ್ನುವಳು. ನಿನ್ನೆ ಏನು ಕೈಕೊಟ್ಟಿತು ಎಂದು ಕೇಳಿ ಸುಮ್ಮನಾಗುವಳು. ಉತ್ತರ ಬರುವ ತನಕ ಸೆರಗಿನ ತುದಿಯಿಂದ ಪೆಟ್ಟಿಗೆಯ ಅಂಚು ಒರೆಸುತ್ತ ಇರುವಳು. ಹೊಗಳಬೇಕಾದರೆ ಚೆನ್ನಾಗಿದೆ ಎಂದು ಬಿಡುತ್ತಿರಲಿಲ್ಲ, ಈ ಮೂಲೆ ನೋಡು ಎಷ್ಟು ಚೂಪಾಗಿ ಬಂದಿದೆ ಎನ್ನುವಳು. ಬೈಯಬೇಕಾದರೆ ಸಂಜೆ ಬಸ್ ಸ್ಟ್ಯಾಂಡಿಗೆ ಜೊತೆಗೆ ನಡೆಯುತ್ತ, ಬೇರೆ ಯಾರಿಗೂ ಕೇಳದ ಹಾಗೆ. ಓವರ್‌ಟೈಮ್ ಇಲ್ಲ ಅನ್ನುವಂಥ ಕೆಟ್ಟ ಸುದ್ದಿಯಿದ್ದರೆ ಗಾಳಿಸುದ್ದಿ ತಲುಪುವುದಕ್ಕೆ ಮುಂಚೆ ತಾನೇ ಹೋಗಿ ಹೇಳುವಳು.

ಇಷ್ಟು ವರ್ಷ ಹೀಗೆ ಬದುಕಿದವಳಿಗೆ ಈಗ ಸಂಬಳದ ಆಸೆಯಿಲ್ಲ, ಮರ್ಯಾದೆಯ ಆಸೆಯೂ ಇಲ್ಲ. ಒಂದೇ ಒಂದು ಆಸೆ. ಕೆಲಸದ ನಡುವೆ ಯಾರಾದರೂ ಮೆಲ್ಲಗೆ ಹತ್ತಿರ ಬಂದು, ದನಿ ತಗ್ಗಿಸಿ, ‘ಅಕ್ಕಾ, ಒಂದ್ ಮಾತು’ ಅನ್ನುತ್ತಿದ್ದರಲ್ಲ, ಅದು ಬೇಕಾಗಿತ್ತು. ಹೊಟ್ಟೆಯೊಳಗಿನ ಕಷ್ಟವನ್ನು ತಂದು ಅವಳ ಕಿವಿಯಲ್ಲಿ ಇಡುತ್ತಿದ್ದ ಆ ಗಳಿಗೆಗೆ ಅವಳು ಹಂಬಲಿಸುತ್ತಿದ್ದಳು. ಕಿವಿ ಹಸಿಯುತ್ತದೆ ಅಂದರೆ ಯಾರು ನಂಬುತ್ತಾರೆ? ಅವಳಿಗೆ ಹಸಿಯುತ್ತಿತ್ತು.

ಶಿವಮೊಗ್ಗದ ಹೊಸಮನೆಯಲ್ಲಿ ಮಹಾಂತಮ್ಮ ಇರುವುದು ಮಗಳು ಸೌಂದರ್ಯಳ ಜೊತೆ. ಸೌಂದರ್ಯ ಸ್ಕೂಟರ್ ಷೋರೂಮಿನಲ್ಲಿ ಸರ್ವೀಸ್ ವಿಭಾಗ ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಅವಳು ದೋಸೆ ತಿನ್ನುವಾಗ ತಾಯಿ ಎದುರಿಗೆ ಸ್ಟೂಲು ಎಳೆದುಕೊಂಡು, ನಿನ್ನೆ ಏನಮ್ಮ ಕೈಕೊಟ್ಟಿತು ಎಂದು ಕೇಳುವುದು ಶುರುವಾಗಿತ್ತು. ಮೊದಮೊದಲು ಮಗಳು ಹೇಳುತ್ತಿದ್ದಳು. ಆಮೇಲೆ, ನಾನು ನಿನ್ನ ಕೋರ್ ಶಾಪಿನವಳಲ್ಲ, ನನ್ನ ದೋಸೆಯಲ್ಲಿ ಬಿರುಕು ಹುಡುಕಬೇಡ ಎಂದು ನಗತೊಡಗಿದಳು.

ಚಿತ್ರ ಬಂದ ಸಂಜೆ ತಾಯಿಯ ಮುಖ ನೋಡಿ ಸೌಂದರ್ಯ ವಿಷಯ ಕೇಳಿಕೊಂಡಳು. ಕೇಳಿ, ಇದರಲ್ಲೇನಿದೆ, ಒಂದು ಫೋನ್ ಮಾಡಿದರಾಯಿತು ಎಂದಳು.

“ನಾನಾಗಿ ಕೇಳಿ ಕರೆಸ್ಕೊಳ್ಳೋದಾ?”

“ಊರ ಬಾಯಿನೆಲ್ಲಾ ತೆಗೆಸ್ದೋಳು ನೀನು. ನಿಂದೊಂದ್ ಬಾಯಿ ತೆಗೆಯಕ್ಕೆ ಯಾರ್ ಬರ್ಬೇಕು ಮಾರಾಯ್ತಿ?”

ಮಹಾಂತಮ್ಮ ಎದ್ದು ಹೋಗಿ ಕಡಲೆ ನೆನೆಹಾಕಿದಳು. ಮಾರನೆಯ ದಿನ ಮನೆ ಗುಡಿಸಿ ಒರೆಸಿ, ಯಾರಾದರೂ ಕರೆಯುವುದಕ್ಕೆ ಬಂದರೆ ಇರಲಿ ಎಂದು ಅವಲಕ್ಕಿ ಹುರಿದಿಟ್ಟಳು. ಗೇಟಿನ ಸದ್ದಾದಾಗಲೆಲ್ಲ ಸೆರಗು ಸರಿಮಾಡಿಕೊಂಡಳು. ಒಮ್ಮೆ ಕೊರಿಯರಿನವನು, ಒಮ್ಮೆ ಪಕ್ಕದ ಮನೆಯ ಬೆಕ್ಕು. ಪೂಜೆಯ ಹಿಂದಿನ ಸಂಜೆಯೂ ಹಾಗೇ ಕಳೆಯಿತು. ಅವಲಕ್ಕಿಯನ್ನು ಅಮ್ಮ ಮಗಳೇ ತಿಂದರು.

ಆ ಫೌಂಡ್ರಿಯಲ್ಲೊಂದು ಪದ್ಧತಿಯಿದೆ. ಮಾಲೀಕ ಗುರುಪ್ರಸಾದ್ ಬಂದಿರಲಿ, ಪೂಜಾರರು ಬಂದಿರಲಿ, ಕೋರಿನ ಪೆಟ್ಟಿಗೆಗಳಿಗೆ ಮೊದಲ ಕುಂಕುಮ ಇಡುವುದು ಕೋರ್ ಶಾಪಿನ ಹಿರಿಯ ಹೆಂಗಸು. ಅಲ್ಲಿ ಇಟ್ಟ ಮೇಲೆಯೇ ಉಳಿದ ಯಂತ್ರಗಳಿಗೆ. ವರ್ಷ ವರ್ಷವೂ ಇಟ್ಟದ್ದು ಮಹಾಂತಮ್ಮನ ಬೆರಳು. ಈ ಸಲ ಯಾರ ಬೆರಳೋ ಎಂದು ಮಹಾಂತಮ್ಮ ಹಬ್ಬದ ಬೆಳಿಗ್ಗೆ ಮಗಳ ಸ್ಕೂಟರಿಗೆ ವಿಭೂತಿ ಹಚ್ಚುತ್ತ ನೆನೆದಳು. ಸೌಂದರ್ಯ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸಿ ಒಳಗೆ ಬರುವಷ್ಟರಲ್ಲಿ ತಾಯಿ ಒಳ್ಳೆಯ ಸೀರೆ ಉಟ್ಟು ಚೀಲ ಹಿಡಿದು ನಿಂತಿದ್ದಳು. ಭದ್ರಾವತಿಗೆ ಹೋಗಿ ದಾಕ್ಷಾಯಣಮ್ಮನನ್ನು ನೋಡಿಕೊಂಡು ಬರುತ್ತೇನೆ ಎಂದಳು. ದಾಕ್ಷಾಯಣಮ್ಮ ಅವಳ ಚಿಕ್ಕಪ್ಪನ ಮಗಳು.

ಆಕೆ ಹಬ್ಬಕ್ಕೆಂದು ದಾವಣಗೆರೆಗೆ ಹೋಗಿದ್ದಾಳಲ್ಲ, ನೀನೇ ಹೇಳಿದೆಯಲ್ಲ ಎಂದಳು ಮಗಳು.

“ಹಾಗಾದ್ರೆ ಅವಳ ಮನೆ ಬೀಗ ನೋಡ್ಕೊಂಡ್ ಬರ್ತೀನಿ.”

ಸೌಂದರ್ಯ ನಗು ನುಂಗಿಕೊಂಡು ಬಸ್ ನಿಲ್ದಾಣದ ತನಕ ಬಿಟ್ಟುಬಂದಳು.

ಬಸ್ಸಿನ ಮುಖಕ್ಕೆ ಬಾಳೆಕಂದು ಕಟ್ಟಿದ್ದರು. ಕಂಡಕ್ಟರ್ ಹಣೆಯಲ್ಲಿ ಕುಂಕುಮ, ಟಿಕೆಟ್ ಮಷೀನಿಗೂ ಒಂದು ಬೊಟ್ಟು. ದಾರಿಯುದ್ದಕ್ಕೂ ಗ್ಯಾರೇಜುಗಳ ಮುಂದೆ ಒಡೆದ ಬೂದುಗುಂಬಳ. ಎಷ್ಟೋ ವರ್ಷ ಇದೇ ದಾರಿಯಲ್ಲಿ, ಇಂದು ಯಾರಿಗೆ ಏನು ಕೇಳಬೇಕು ಎಂದು ಲೆಕ್ಕ ಹಾಕುತ್ತ ಹೋಗುತ್ತಿದ್ದವಳು, ಇಂದು ಕೇಳುವುದಕ್ಕೇನೂ ಇಲ್ಲದೆ ಕಿಟಕಿ ನೋಡಿದಳು.

ಭದ್ರಾವತಿಯಲ್ಲಿ ಇಳಿದವಳು ಬೀಗ ನೋಡುವುದಕ್ಕೆ ಹೋಗಲಿಲ್ಲ. ಕಾಲು ತಾನಾಗಿ ಫೌಂಡ್ರಿಯ ರಸ್ತೆ ಹಿಡಿಯಿತು. ಗೇಟಿನ ಎದುರುಗಡೆ ಒಬ್ಬಾಕೆ ಬೂದುಗುಂಬಳ ರಾಶಿ ಹಾಕಿಕೊಂಡು ಕೂತಿದ್ದಳು. ಮಹಾಂತಮ್ಮ ಕಾಯಿ ಆರಿಸುವವಳಂತೆ ಅವಳ ಪಕ್ಕ ನಿಂತಳು. ಅಲ್ಲಿಂದ ಕೋರ್ ಶಾಪು ಚೆನ್ನಾಗಿ ಕಾಣುತ್ತಿತ್ತು. ಷಟರ್ ಪೂರ್ತಿ ಎತ್ತಿದ್ದರು. ಹೆಂಗಸರು ರೇಷ್ಮೆ ಸೀರೆ ಉಟ್ಟು, ತಲೆತುಂಬ ಹೂ ಮುಡಿದು ಓಡಾಡುತ್ತಿದ್ದರು. ಕೋರಿನ ಪೆಟ್ಟಿಗೆಗಳನ್ನು ತೊಳೆದು ಸಾಲಾಗಿ ಜೋಡಿಸಿದ್ದರು. ಆದರೆ ಗಂಟೆಯ ಸದ್ದಿಲ್ಲ, ಊದುಬತ್ತಿಯ ಹೊಗೆಯಿಲ್ಲ. ಪೂಜಾರರು ಮೆಟ್ಟಿಲ ಮೇಲೆ ಕೂತು ಫೋನು ನೋಡುತ್ತಿದ್ದರು. ಗುರುಪ್ರಸಾದರು ಕಾರಿನ ಬಳಿ ನಿಂತು ಕೈಗಡಿಯಾರ ತಿರುಗಿಸುತ್ತಿದ್ದರು.

ಯಾಕಿನ್ನೂ ಶುರುವಾಗಿಲ್ಲ ಎಂದು ಕುಂಬಳದವಳನ್ನು ಕೇಳಿದಳು. ಯಾರೋ ದೊಡ್ಡವರು ಬರಬೇಕಂತೆ, ಕಾಯಿ ತೆಗೆದುಕೊಳ್ಳುವುದಕ್ಕೆ ಬಂದಿದ್ದ, ಒಲೆ ನೋಡಿಕೊಳ್ಳುವ ರಾಮಯ್ಯ ಹೇಳಿದ, ಅವರು ಬಾರದೆ ಮುಟ್ಟುವ ಹಾಗಿಲ್ಲವಂತೆ ಎಂದಳು ಅವಳು.

ದೊಡ್ಡವರು ಅಂದರೆ ಬ್ಯಾಂಕಿನವರೋ, ಮುಖಂಡರೋ. ಮಹಾಂತಮ್ಮನಿಗೆ ತಾನು ಇನ್ನಷ್ಟು ಚಿಕ್ಕವಳಾದಂತಾಯಿತು. ಅಂಥವರು ಬರುವ ಕಡೆ ಕರೆಯದೆ ಬಂದ ತಾನು ಎಲ್ಲಿ ನಿಲ್ಲುವುದು? ಹಿಂದಿರುಗಿ ಹೊರಟಳು. ನಾಲ್ಕು ಹೆಜ್ಜೆ ಇಟ್ಟವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ‘ನಿಮ್ಮ ಹಣೆ ಓದಕ್ಕೆ ನಾನು ಜೋಯಿಸಳಲ್ಲ, ಬೇಕಾದ್ದು ಬಾಯಲ್ಲಿ ಹೇಳಿ’ ಎಂದು ಆ ಷಟರಿನೊಳಗೆ ಎಷ್ಟು ಜನರಿಗೆ ಹೇಳಿದ್ದಳು. ತನಗೆ ಬೇಕಾದ್ದನ್ನು ಬಾಯಲ್ಲಿ ಹೇಳಿದ್ದು ಎಂದಾದರೂ ಉಂಟೇ? ನೆನಪಾಗಲಿಲ್ಲ. ಎಲ್ಲರಿಗೂ ಏನು ಬೇಕು ಎಂದು ಕೇಳುವವಳಿಗೆ ತನ್ನದನ್ನು ಕೇಳುವ ಅಭ್ಯಾಸವೇ ಆಗಿರಲಿಲ್ಲ.

ಚೀಲದಿಂದ ಫೋನು ತೆಗೆದಳು. ಸ್ಫೂರ್ತಿಯ ಹೆಸರು ಹುಡುಕಿ ಒತ್ತಿದಳು.

“ಸ್ಫೂರ್ತಿ, ನಾನು ಮಹಾಂತಮ್ಮ.”

“ಹೇಳಿ ಅಕ್ಕಾ.”

“ನಂಗೆ ಪೂಜೆಗೆ ಬರ್ಬೇಕು ಅನ್ನಿಸ್ತಿದೆ. ಬರ್ಲಾ?”

ಕೇಳಬಾರದಿತ್ತು ಎಂದುಕೊಳ್ಳುವಷ್ಟರಲ್ಲಿ ದನಿ ಬಂತು.

“ಅಕ್ಕಾ, ನಿಮಗೋಸ್ಕರ ಪೂಜಾರ್ರು ಆಗ್ಲಿಂದ ಕೂತಿದಾರೆ. ಎಲ್ಲಿದೀರಿ ನೀವು?”

“ಇಲ್ಲೇ. ಕುಂಬಳಕಾಯಿ ಪಕ್ಕ.”

ಷಟರಿನೊಳಗಿನ ತಲೆಗಳೆಲ್ಲ ಒಮ್ಮೆಗೇ ರಸ್ತೆಯ ಕಡೆ ತಿರುಗಿದವು.

ನಡೆದದ್ದು ಇಷ್ಟು. ಸ್ಫೂರ್ತಿ ಹಿಂದಿನ ದಿನ ಕುಂಕುಮದ ಬಟ್ಟಲು ಹಿಡಿದು ಹೊಸಮನೆಗೆ ಹೊರಟೇ ಬಿಟ್ಟಿದ್ದಳಂತೆ. ಹಳಬರೆಲ್ಲ ಸೇರಿ ತಡೆದರಂತೆ. ಫೋನೂ ಮಾಡಕೂಡದು ಅಂದರಂತೆ. ಶಾಪಿನ ಬಾಗಿಲಿಗೆ ಬಂದ ಮಹಾಂತಮ್ಮನನ್ನು ನಿಲ್ಲಿಸಿ ರಾಮಯ್ಯನೇ ವಿವರಿಸಿದ.

“ಮನೆ ಯಜಮಾಂತೀನ ಮನೆಯೋರೇ ಕುಂಕುಮ ಕೊಟ್ಟು ಕರೀತಾರೇನಕ್ಕಾ? ಕರೆದ್ರೆ ನೀವು ನೆಂಟರಾಗ್ಬಿಡ್ತೀರಿ. ನೀವು ಬಂದೇ ಬರ್ತೀರಿ ಅಂತ ಕೂತಿದ್ವಿ.”

ಒಳಗಿನವರು ಕರೆದರೆ ಅವಮಾನವಾದೀತೆಂದು ಕರೆಯದೆ ಕಾದರು. ಹೊರಗಿನವಳು ಕರೆಯದೆ ಹೋದರೆ ಅವಮಾನವೆಂದು ಹೋಗದೆ ಕಾದಳು. ಮಹಾಂತಮ್ಮನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು ಹೋಗಿ ಪೆಟ್ಟಿಗೆಗಳಿಗೆ ಕುಂಕುಮ ಇಟ್ಟಳು. ಗಂಟೆ ಮೊಳಗಿತು. ಗುರುಪ್ರಸಾದರು ಕಾರಿನ ಕೀಲಿಯನ್ನೂ ತಂದು ದೇವರ ಮುಂದಿಟ್ಟರು. ಮಂಗಳಾರತಿಯಾದ ಮೇಲೆ ಮಂಡಕ್ಕಿ, ಬೂಂದಿ, ಬಾಳೆಹಣ್ಣು ಹಂಚಿದರು.

ಜನ ತಿನ್ನುತ್ತ ಕೂತಾಗ ಸ್ಫೂರ್ತಿ ಅವಳನ್ನು ಶಾಪಿನೊಳಗೆಲ್ಲ ಕರೆದೊಯ್ದು ತೋರಿಸಿದಳು. ಹೊಸ ಫ್ಯಾನು ಬಂದಿತ್ತು. ಕಿಟಕಿಗೆ ಜಾಲರಿ ಬಂದಿತ್ತು. ಬಾಗಿಲ ಪಕ್ಕದ ಹಲಗೆ ಇರಲಿಲ್ಲ. ಮಹಾಂತಮ್ಮನ ಕಣ್ಣು ಅಲ್ಲಿ ನಿಂತದ್ದನ್ನು ಹುಡುಗಿ ಗಮನಿಸಿ, ಈಗ ಒಡೆದದ್ದರ ಫೋಟೋ ತೆಗೆದು ಅವರವರೇ ನನಗೆ ಕಳಿಸುತ್ತಾರೆ, ಅಚ್ಚಿನವರಿಗೂ ಆಗಲೇ ತಿಳಿಯುತ್ತದೆ, ಗುಜರಿ ಇನ್ನೂ ಕಡಿಮೆಯಾಗಿದೆ ಎಂದಳು. ಹೆಮ್ಮೆಯೂ ಇತ್ತು, ಅಂಜಿಕೆಯೂ ಇತ್ತು. ಒಳ್ಳೆಯದೇ ಮಾಡಿದೆ ಎಂದಳು ಮಹಾಂತಮ್ಮ. ಹೇಳಿ, ಹಲಗೆಯಿದ್ದ ಜಾಗವನ್ನು ಸೆರಗಿನ ತುದಿಯಿಂದ ಒಮ್ಮೆ ಒರೆಸಿದಳು.

ಸ್ಫೂರ್ತಿ ಬಳೆ ತಿರುಗಿಸುತ್ತ ಹೇಳಿದಳು:

“ಇಷ್ಟು ದಿನ ಫೋನ್ ಮಾಡ್ಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡಿ. ಒಂದ್ಸಲ ನಿಮ್ಮನ್ನ ಕೇಳಿದ್ರೆ ಎಲ್ಲಾದಕ್ಕೂ ಕೇಳ್ತಾ ಹೋಗ್ತೀನಿ ಅಂತ ಹೆದ್ರಿಕೆ. ಆಮೇಲೆ ನಾನ್ಯಾಕೆ ಇಲ್ಲಿ?”

ಮಾತು ಚುಚ್ಚಿತು. ಆದರೆ ಎದುರಿಗೆ ನಿಂತು ಇಷ್ಟು ನೇರವಾಗಿ ಹೇಳಿದ ಹುಡುಗಿ ನಿಜವಾಗಿಯೂ ಶಾಪು ನಡೆಸಬಲ್ಲಳು ಎಂದು ಮಹಾಂತಮ್ಮನಿಗೆ ಆಗಲೇ ಅನ್ನಿಸಿತು. ಅಷ್ಟರಲ್ಲಿ ಮಾಲೀಕರು ಕೂಗಿದರು, ಸ್ಫೂರ್ತಿ ಹೋದಳು.

ಹಬ್ಬವಾದ್ದರಿಂದ ಒಲೆ ತಣ್ಣಗಿತ್ತು. ಮಹಾಂತಮ್ಮ ಅದರ ಬಾಗಿಲಿಗೆ ಒರಗಿ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಾಗ ಪಳನಿಯಮ್ಮ ಬಂದಳು. ಪೇಪರ್‌ಟೌನಿನ ಕಡೆಯ ತಮಿಳು ಹೆಂಗಸು. ಶಾಪಿನಲ್ಲಿ ಎಲ್ಲರಿಗಿಂತ ನಯವಾದ ಕೈ ಅವಳದು. ಆಚೀಚೆ ನೋಡಿದಳು. ಹತ್ತಿರ ಸರಿದಳು. ದನಿ ತಗ್ಗಿಸಿದಳು.

“ಅಕ್ಕಾ, ಒಂದ್ ಮಾತು.”

ಮಹಾಂತಮ್ಮನ ಮೈಯೆಲ್ಲ ಕಿವಿಯಾಯಿತು. ಬೇಸಿಗೆಯಿಂದ ಹಸಿದಿದ್ದ ಕಿವಿ ಅದು. ಪಳನಿಯಮ್ಮ ಅವಸರವಾಗಿ ಹೇಳತೊಡಗಿದಳು: ಈ ಹುಡುಗಿ ಕೆಟ್ಟವಳಲ್ಲ, ಆದರೆ ಪಕ್ಕದಲ್ಲಿ ಕೂರುವುದಿಲ್ಲ, ಎಲ್ಲದಕ್ಕೂ ಫೋಟೋ ಕಳಿಸು ಅನ್ನುತ್ತಾಳೆ, ತನಗೆ ಆ ಫೋನು ಬರುವುದಿಲ್ಲ, ಬರುವುದಿಲ್ಲ ಅನ್ನುವುದಕ್ಕೆ ನಾಚಿಕೆ, ಹಬ್ಬಕ್ಕೆ ಮುಂಚೆ ಒಂದು ದಿನ ಏನಾಯಿತು ಅಂದರೆ...

ಏನಾಯಿತು ಅನ್ನುವುದು ಅವಳ ಮುಖದಲ್ಲೇ ಅರ್ಧ ಕಾಣುತ್ತಿತ್ತು. ಯಾವುದೋ ಒಡಕನ್ನು ಮೆತ್ತಿ ಒಳಗೆ ಕಳಿಸಿದ್ದಾಳೆ, ಅದನ್ನು ಹೊತ್ತುಕೊಂಡು ನಿದ್ದೆಗೆಟ್ಟಿದ್ದಾಳೆ. ಉಳಿದರ್ಧ ಕೇಳಬೇಕು. ಕೇಳಿದರೆ ಸರಿಮಾಡುವುದು ಮಹಾಂತಮ್ಮನಿಗೆ ಬೆರಳ ತುದಿಯ ಕೆಲಸ. ಆದರೆ ಇದನ್ನು ಕೇಳಿದರೆ ನಾಳೆ ಇನ್ನೊಂದು, ನಾಡಿದ್ದು ಇನ್ನೊಬ್ಬಳು. ಬಿರುಕುಗಳೆಲ್ಲ ಹೊಸಮನೆಯ ದಾರಿ ಹಿಡಿಯುತ್ತವೆ. ಶಾಪಿನಲ್ಲಿ ಕೂತ ಹುಡುಗಿಯ ಕಿವಿಗೆ ಏನೂ ಬೀಳುವುದಿಲ್ಲ. ಕಿವಿಗೆ ಏನೂ ಬೀಳದ ಇನ್‌ಚಾರ್ಜ್ ಕೊನೆಗೆ ಬಾಗಿಲಲ್ಲಿ ನಿಂತು ಕೂಗುತ್ತಾಳೆ. ಅದು ಹೇಗೆ ಶುರುವಾಗುತ್ತದೆ ಎಂದು ಮಹಾಂತಮ್ಮ ಕಂಡಿದ್ದಳು.

ಅವಳು ಪಳನಿಯಮ್ಮನ ಕೈ ಹಿಡಿದಳು.

“ಅದನ್ನ ನಂಗೆ ಹೇಳ್ಬೇಡ ಪಳನಿ.”

ಪಳನಿಯಮ್ಮ ಬೆಚ್ಚಿದಳು. “ಯಾಕಕ್ಕಾ? ನೀವೂ ಹೊರಗಿನೋರಾದ್ರಾ?”

ಇದಕ್ಕಿಂತ ಕೆನ್ನೆಗೆ ಒಂದು ಕೊಟ್ಟಿದ್ದರೆ ಮಹಾಂತಮ್ಮ ಸುಲಭವಾಗಿ ತಡೆದುಕೊಳ್ಳುತ್ತಿದ್ದಳು.

“ನಿನ್ನ ಮಾತು ನಾನು ಮನೆಗೆ ತಗೊಂಡ್ ಹೋಗಿ ಏನ್ ಮಾಡ್ಲಿ? ಅದು ಇಲ್ಲೇ ಇರ್ಬೇಕಾದ್ ಮಾತು. ಅವಳಿಗೆ ಹೇಳು. ಫೋನ್ ಬರಲ್ಲ ಅನ್ನೋದನ್ನ ಮೊದ್ಲು ಹೇಳು.”

“ಬೈದ್ರೆ?”

“ಬೈದ್ರೆ ಬೈಸ್ಕೋ. ನನ್ ಹತ್ರ ಬೈಸ್ಕೊಂಡಿಲ್ವಾ, ಬಸ್ ಸ್ಟ್ಯಾಂಡ್ ತನಕ?”

ಪಳನಿಯಮ್ಮ ನಗಲಿಲ್ಲ. ಕೈ ಬಿಡಿಸಿಕೊಂಡು ತಲೆ ತಗ್ಗಿಸಿ ನಿಂತಳು. ಮಹಾಂತಮ್ಮ ಅವಳನ್ನು ಅಲ್ಲೇ ಬಿಟ್ಟು ಮಾಲೀಕರ ಬಳಿಯಿಂದ ಬರುತ್ತಿದ್ದ ಸ್ಫೂರ್ತಿಯನ್ನು ತಡೆದಳು. ಅವಳಿಗೆ ಬುದ್ಧಿ ಹೇಳಲಿಲ್ಲ, ದೂರು ಹೇಳಲಿಲ್ಲ. ಪಳನಿ ಒಂದು ಮಾತು ಹೇಳಬೇಕಂತಿದ್ದಾಳೆ, ಕೂತುಕೊಂಡು ಕೇಳು, ನಾನು ಬಸ್ಸಿಗೆ ಹೊರಡುತ್ತೇನೆ ಎಂದಳು. ಸ್ಫೂರ್ತಿ ಅವಳ ಮುಖ ನೋಡಿದಳು, ಒಲೆಯ ಕಡೆ ನಡೆದಳು.

ಎಲ್ಲರೂ ಊಟಕ್ಕೆ ನಿಲ್ಲಿ ಎಂದರು. ಮಹಾಂತಮ್ಮ ನಿಲ್ಲಲಿಲ್ಲ. ನಿಂತರೆ ಕಿವಿ ಅತ್ತ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೇಟಿನ ಹೊರಗೆ ಬಸ್ಸಿಗೆ ಕೈ ತೋರಿಸುವ ಜಾಗದಲ್ಲಿ ಬಂದು ನಿಂತಳು. ಅಲ್ಲಿಂದ ನೋಡಿದರೆ ಇಬ್ಬರೂ ಕಾಣುತ್ತಿದ್ದರು. ಸ್ಫೂರ್ತಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಮರಳು ಮೆತ್ತಿದ ಡಬ್ಬದ ಮೇಲೆ ಕೂರಲೋ ಬೇಡವೋ ಎಂದು ನೋಡಿ, ಕೊನೆಗೆ ಕೂತಳು. ಪಳನಿಯಮ್ಮ ನೆಲ ನೋಡುತ್ತ ಬಾಯಿ ಆಡಿಸುತ್ತಿದ್ದಳು. ಒಮ್ಮೆ ಸ್ಫೂರ್ತಿಯ ಕೈ ಸರಕ್ಕನೆ ಮೇಲೆದ್ದಿತು. ಸಿಟ್ಟಿಗೋ, ಸಮಾಧಾನಕ್ಕೋ ತಿಳಿಯಲಿಲ್ಲ. ಪಳನಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು; ಅಳುವೋ ನಗುವೋ ತಿಳಿಯಲಿಲ್ಲ. ಅಷ್ಟರಲ್ಲಿ ರಾಮಯ್ಯ ಬಾಗಿಲಲ್ಲಿ ಕುಂಬಳಕಾಯಿ ಅಪ್ಪಳಿಸಿದ, ಹುಡುಗರು ಹೋ ಎಂದರು, ಕೇಳಬಹುದಾಗಿದ್ದ ಒಂದೆರಡು ಅಕ್ಷರವೂ ಅದರಲ್ಲಿ ಮುಳುಗಿತು.

ಬಸ್ಸು ತಡವಾಗಿ ಬಂದರೆ ಸಾಕಿತ್ತು. ಆ ದಿನ ನೋಡಿ, ಬೇಗನೆ ಬಂತು. ಮಹಾಂತಮ್ಮ ಗೇಟು ಕಾಣುವ ಬದಿಯಲ್ಲಿ ಕೂತು ಕುತ್ತಿಗೆ ತಿರುಗಿಸಿ ನೋಡಿದಳು. ಇಬ್ಬರೂ ಎದ್ದಿರಲಿಲ್ಲ. ಈಗ ಮಾತಾಡುತ್ತಿದ್ದವಳು ಸ್ಫೂರ್ತಿ, ತಲೆ ಅಲ್ಲಾಡಿಸುತ್ತಿದ್ದವಳು ಪಳನಿಯಮ್ಮ. ತಿರುವಿನ ತನಕ ಕಂಡರು, ಆಮೇಲೆ ಕಾಣಲಿಲ್ಲ.

ಮನೆಯಲ್ಲಿ ಸೌಂದರ್ಯ ಮಂಡಕ್ಕಿ ಮೆಲ್ಲುತ್ತ ಎಲ್ಲ ಕೇಳಿಕೊಂಡಳು. ಕೊನೆಗೆ, ಆ ಪಳನಿಯಮ್ಮ ಏನಂತೆ, ಏನಾಗಿತ್ತಂತೆ ಎಂದು ವಿಚಾರಿಸಿದಳು. ಗೊತ್ತಿಲ್ಲ ಎಂದಳು ತಾಯಿ. ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ ಎಂದು ಅವಳೇ ಹೇಳಿಕೊಳ್ಳುತ್ತಾಳೆ. ಆದರೂ ಭದ್ರಾವತಿಯ ಕಡೆಯಿಂದ ಬಸ್ಸು ಬರುವ ಹೊತ್ತಿಗೆ ಅವಳ ಕೈಯ ಕೆಲಸ ತಾನಾಗಿ ನಿಲ್ಲುತ್ತದೆ.